ಟೆರೇಸಿಗೆ ಅಜೋಲ್ಲಾ ಸೆಟ್: ತೊಟ್ಟಿ ಚೆನ್ನಾಗಿದೆ, ಬೆಳಕಿನ ಮಾತು ಚೀಟಿಯಲ್ಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಬಿಸಿಲು ಬೀಳುವ ಟೆರೇಸ್ ಇದ್ದರೆ ಅಜೋಲ್ಲಾ ಬೆಳೆಸುವ ಈ ಸೆಟ್ ಧೈರ್ಯವಾಗಿ ಕೊಳ್ಳಿ. ಮನೆಗೆ ಇರುವುದು ಉತ್ತರದ ಬಾಲ್ಕನಿ ಒಂದೇ ಅಂದರೆ ಬೇಡ. ಜೊತೆಗೆ ಮಾರುವ ನೇರಳೆ ಎಲ್‌ಇಡಿ ದೀಪವನ್ನಂತೂ ಯಾರೂ ಕೊಳ್ಳಬೇಡಿ. ಈ ಮೂರು ಮಾತಿಗೂ ಕಾರಣ ಒಂದೇ. ಅಜೋಲ್ಲಾ ಎಂಬ ಈ ತೇಲುವ ಪುಟ್ಟ ಗಿಡದ ಒಳಗೆ ಗೊಬ್ಬರ ತಯಾರಾಗುವುದು ಬೆಳಕಿನ ಬಲದಿಂದ. ಮಾರುವವರು ಇದನ್ನು ಹೇಳುತ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಮನೆ ಬೆಂಗಳೂರಿನ ನಾಗರಭಾವಿಯಲ್ಲಿ. ಟೆರೇಸ್ ಮೇಲೆ ಬದನೆ, ಟೊಮೇಟೊ, ದಂಟು, ಮೆಂತ್ಯ, ಒಂದು ದೊಡ್ಡ ಡ್ರಮ್ಮಿನಲ್ಲಿ ಕರಿಬೇವು ಇದೆ. ತಮ್ಮ ಮಾಗಡಿ ಕಡೆ ಹಸು ಸಾಕಿದ್ದಾನೆ. ಅವನ ಕೊಟ್ಟಿಗೆ ಪಕ್ಕದ ತೊಟ್ಟಿಯಲ್ಲಿ ಅಜೋಲ್ಲಾ ಹಸಿರು ಕಂಬಳಿ ಹಾಸಿದಂತೆ ಬೆಳೆಯುತ್ತಿತ್ತು. ಅದನ್ನು ನೋಡಿಯೇ ನನಗೂ ಆಸೆ ಆಯಿತು. ತುಮಕೂರು ರಸ್ತೆ ಕಡೆಯ ಒಂದು ನರ್ಸರಿಯಿಂದ ಈ ಸೆಟ್ ತರಿಸಿದೆ. ಅಂಗಡಿಯ ಹೆಸರು ಹಾಕುತ್ತಿಲ್ಲ. ಇದೇ ತೊಟ್ಟಿ, ಬೆಳೆಸುವ ವಿಧಾನದ ಇದೇ ಚೀಟಿ ಬೇರೆ ಬೇರೆ ಹೆಸರಿನಲ್ಲಿ ಊರಿನ ತುಂಬಾ ಸಿಗುತ್ತಿದೆ. ನೀವು ಯಾರ ಹತ್ತಿರ ಕೊಂಡರೂ ಕೆಳಗಿನ ಮಾತು ಅನ್ವಯಿಸುತ್ತದೆ.

ಬೆಲೆ 1,850 ರೂಪಾಯಿ, ಮನೆಗೆ ತಲುಪಿಸಲು 150. ಅದರಲ್ಲಿ 6 ಅಡಿ ಉದ್ದ 3 ಅಡಿ ಅಗಲದ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಶೀಟು) ತೊಟ್ಟಿ, ಅದನ್ನು ನಿಲ್ಲಿಸಲು ಪಿವಿಸಿ ಪೈಪಿನ ಚೌಕಟ್ಟು, ಐವತ್ತು ಪರ್ಸೆಂಟ್ ನೆರಳಿನ ಹಸಿರು ಶೇಡ್ ನೆಟ್, ಬಿತ್ತಲು ಒಂದು ಕೆಜಿ ಹಸಿ ಅಜೋಲ್ಲಾ, ಸೂಪರ್ ಫಾಸ್ಫೇಟ್ ಪೊಟ್ಟಣ, ಎತ್ತಿಕೊಳ್ಳಲು ಒಂದು ಜರಡಿ. ಎಲ್‌ಇಡಿ ದೀಪಕ್ಕೆ ಬೇರೆ 900.

ತೊಟ್ಟಿಯ ಬಗ್ಗೆ ದೂರೇ ಇಲ್ಲ. ಶೀಟು ದಪ್ಪ ಇದೆ, ಮೂಲೆಗಳ ಬೆಸುಗೆ ಗಟ್ಟಿಯಾಗಿದೆ, ಒಂದು ಹನಿ ಸೋರಿಲ್ಲ. ಪೈಪು ಜೋಡಿಸುವುದು ಇಬ್ಬರು ಇದ್ದರೆ ಸಲೀಸು. ತೂಕದ ಬಗ್ಗೆ ಮಾತ್ರ ಗಮನ ಇರಲಿ. 4 ಇಂಚು ನೀರು ನಿಲ್ಲಿಸಿದರೆ ಚದರ ಮೀಟರಿಗೆ 100 ಕೆಜಿ ಬೀಳುತ್ತದೆ. ಮಣ್ಣು, ಸಗಣಿ ಸೇರಿದರೆ ಇಡೀ ತೊಟ್ಟಿ 200 ಕೆಜಿ ಹತ್ತಿರ ಹೋಗುತ್ತದೆ. ಹಳೆಯ ಮನೆಯವರು ನಡುಮಧ್ಯ ಇಡದೆ ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡಿ.

ಬಿತ್ತಲು ಕೊಟ್ಟ ಅಜೋಲ್ಲಾ ತಾಜಾ ಇತ್ತು. ತೂತು ಮಾಡಿದ ಕವರಿನಲ್ಲಿ, ಒದ್ದೆ ಗೋಣಿ ಸುತ್ತಿ ಕಳಿಸಿದ್ದರು. ಎಲೆ ಹಸಿರು, ಬೇರು ಬಿಡಿಬಿಡಿಯಾಗಿತ್ತು, ಕೊಳೆತ ವಾಸನೆ ಇರಲಿಲ್ಲ. ಇಷ್ಟಕ್ಕೆ ಅಂಗಡಿಯವರಿಗೆ ಪೂರ್ತಿ ಅಂಕ.

ನನಗೆ ಬೇಸರ ತಂದದ್ದು ಚೀಟಿ. ಕನ್ನಡದಲ್ಲಿದೆ, ಅಚ್ಚು ಚೆನ್ನಾಗಿದೆ. ಮಣ್ಣು ಎಷ್ಟು, ಸಗಣಿ ಬಗ್ಗಡ ಎಷ್ಟು, ಎಷ್ಟು ದಿನಕ್ಕೊಮ್ಮೆ ನೀರು ಬದಲಿಸಬೇಕು ಎಲ್ಲವೂ ಸರಿಯಾಗಿಯೇ ಇದೆ. ಆದರೆ ಜಾಗದ ವಿಷಯಕ್ಕೆ ಬಂದಾಗ ಬರೆದಿರುವುದು ಇಷ್ಟು: ಎಲ್ಲಿ ಬೇಕಾದರೂ ಇಡಬಹುದು, ಬಿಸಿಲು ಬೇಕಿಲ್ಲ, ಗಾಳಿಯ ಸಾರಜನಕವನ್ನು ತಾನೇ ಹೀರಿಕೊಳ್ಳುತ್ತದೆ. ಫೋನ್ ಮಾಡಿ ಕೇಳಿದೆ. "ಮೇಡಂ, ಇದು ಪಾಚಿ ಜಾತಿ ಅಲ್ವಾ, ಮೆಟ್ಟಿಲ ಕೆಳಗೂ ಬರುತ್ತೆ, ಬೇಕಿದ್ರೆ ಲೈಟ್ ತಗೊಳ್ಳಿ, ಇಪ್ಪತ್ನಾಲ್ಕು ಗಂಟೆನೂ ಹಾಕಿಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಮಾತಿನಲ್ಲಿ ಒಂದೂ ಸರಿಯಿಲ್ಲ.

ಅಜೋಲ್ಲಾ ಪಾಚಿ ಅಲ್ಲ. ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಪಾಚಿ ಅನ್ನಬಹುದಾದದ್ದು ಅದರ ಎಲೆಯ ಒಳಗಿದೆ. ಪ್ರತಿ ಎಲೆಗೂ ಮೇಲಿನ ಹಾಲೆ, ಕೆಳಗಿನ ಹಾಲೆ ಅಂತ ಎರಡು ಭಾಗ. ಮೇಲಿನದರಲ್ಲಿ ಒಂದು ಗೂಡು. ಆ ಗೂಡಿನಲ್ಲಿ ನೀಲಿ ಹಸಿರು ಬ್ಯಾಕ್ಟೀರಿಯಾ, ಅಂದರೆ ಸಯನೋಬ್ಯಾಕ್ಟೀರಿಯಾ, ವಾಸವಾಗಿದೆ. ನಮ್ಮ ಪಠ್ಯಪುಸ್ತಕದಲ್ಲಿ ಅದನ್ನು ಅನಬೀನಾ ಎನ್ನುತ್ತೇವೆ, ಈಗ ನಾಸ್ಟಾಕ್ ಅಜೋಲ್ಲೆ ಎನ್ನುವುದೂ ರೂಢಿ. ತಾಯಿ ಗಿಡದಿಂದ ಮರಿಗೆ ಇದು ಜೊತೆಯಲ್ಲೇ ಹೋಗುತ್ತದೆ. 2010ರಲ್ಲಿ ಇದರ ಜೀನೋಮ್ ಓದಿದಾಗ ಎಷ್ಟೋ ಜೀನುಗಳು ಕೆಟ್ಟು ಹೋಗಿರುವುದು ಕಂಡಿತು. ಗಿಡ ಬಿಟ್ಟು ಹೊರಗೆ ಬದುಕುವ ಶಕ್ತಿ ಅದಕ್ಕೆ ಉಳಿದಿಲ್ಲ.

ಕಾಲೇಜಿಗೆ ಒಂದು ಡಬ್ಬಿಯಲ್ಲಿ ಒಯ್ದು ಮಕ್ಕಳಿಗೆ ತೋರಿಸಿದೆ. ಒಂದೇ ಒಂದು ಎಲೆಯನ್ನು ಸೂಜಿಯಲ್ಲಿ ಬಿಡಿಸಿ, ಸ್ಲೈಡ್ ಮೇಲೆ ಒಂದು ಹನಿ ನೀರಿಟ್ಟು, ಕವರ್ ಸ್ಲಿಪ್ಪನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಗೂಡು ಒಡೆದು ಸರಗಳು ಹೊರಗೆ ಚೆಲ್ಲುತ್ತವೆ. ನಲವತ್ತರ ಲೆನ್ಸಿನಲ್ಲಿ ನೋಡಿದರೆ ಮಣಿ ಮಣಿಯಾಗಿ ಪೋಣಿಸಿದ ಕೋಶಗಳು. ಹೆಚ್ಚಿನವು ದಟ್ಟ ನೀಲಿ ಹಸಿರು. ನಡುನಡುವೆ ಸ್ವಲ್ಪ ದೊಡ್ಡ, ಮಾಸಲು ಬಣ್ಣದ, ದಪ್ಪ ಗೋಡೆಯ ಮಣಿಗಳು. ಅವುಗಳ ಎರಡು ತುದಿಯಲ್ಲೂ ಹೊಳೆಯುವ ಚುಕ್ಕಿ. ಆ ಮಾಸಲು ಮಣಿಗಳೇ ಹೆಟೆರೋಸಿಸ್ಟ್. ಸಾರಜನಕವನ್ನು ಅಮೋನಿಯಾ ಮಾಡುವ ಕೆಲಸ ನಡೆಯುವುದು ಅಲ್ಲೇ. ಹೊರಗೆ ಸ್ವತಂತ್ರವಾಗಿ ಬೆಳೆಯುವ ಅನಬೀನಾದಲ್ಲಿ ನೂರಕ್ಕೆ ಐದೋ ಹತ್ತೋ ಇಂಥ ಕೋಶ ಇರುತ್ತವೆ. ಅಜೋಲ್ಲಾದ ಬಲಿತ ಎಲೆಯಲ್ಲಿ ನೂರಕ್ಕೆ ಇಪ್ಪತ್ತು, ಮೂವತ್ತರವರೆಗೂ ಹೋಗುತ್ತವೆ. ಒಬ್ಬಳು ಹುಡುಗಿ ಎಣಿಸುತ್ತಾ ಕೂತು ಬೆಲ್ ಹೊಡೆದರೂ ಏಳಲಿಲ್ಲ. ಈ ಸೆಟ್ಟಿನಿಂದ ನನಗೆ ಸಿಕ್ಕ ದೊಡ್ಡ ಲಾಭ ಬಹುಶಃ ಅದೇ.

ಗಾಳಿಯ 78 ಪರ್ಸೆಂಟ್ ಸಾರಜನಕ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧದಿಂದ ಬಿಗಿದುಕೊಂಡಿವೆ. ಒಂದು ಅಣುವನ್ನು ಬಿಡಿಸಿ ಎರಡು ಅಮೋನಿಯಾ ಮಾಡಲು ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಕಡಿಮೆ ಎಂದರೂ 16 ಎಟಿಪಿ (ಜೀವಕೋಶ ಶಕ್ತಿಗೆ ಖರ್ಚು ಮಾಡುವ ಅಣು), 8 ಎಲೆಕ್ಟ್ರಾನ್ ಬೇಕು. ಜೀವಕೋಶದ ಲೆಕ್ಕದಲ್ಲಿ ಇದು ತುಂಬಾ ದುಬಾರಿ. ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಬೆಳಕಿನಿಂದ. ಗಾಳಿಯಿಂದ ತಾನೇ ಹೀರುತ್ತದೆ ಎನ್ನುವ ಚೀಟಿ ಈ ಅರ್ಧವನ್ನು ಬಿಟ್ಟುಬಿಟ್ಟಿದೆ.

ಇದರಲ್ಲಿ ಒಂದು ತೊಡಕಿದೆ, ನನಗೆ ಪ್ರತಿ ವರ್ಷ ಪಾಠ ಮಾಡುವಾಗಲೂ ಮೈ ಜುಮ್ ಅನ್ನುವುದು ಇಲ್ಲಿಯೇ. ಬೆಳಕು ಬಿದ್ದರೆ ಕೋಶ ನೀರನ್ನು ಒಡೆದು ಆಮ್ಲಜನಕ ಬಿಡುತ್ತದೆ. ಆದರೆ ನೈಟ್ರೋಜಿನೇಸ್‌ಗೆ ಆಮ್ಲಜನಕ ವಿಷ. ಬೆಳಕು ಬೇಕು, ಬೆಳಕಿನಿಂದ ಹುಟ್ಟುವ ಆಮ್ಲಜನಕ ಬೇಡ. ಹೆಟೆರೋಸಿಸ್ಟ್ ಇದಕ್ಕೆ ಕಂಡುಕೊಂಡ ದಾರಿ ನೋಡಿ. ಕೋಶದಲ್ಲಿ ಬೆಳಕು ಹಿಡಿಯುವ ಯಂತ್ರಗಳಿಗೆ ಫೋಟೋಸಿಸ್ಟಮ್ ಎನ್ನುತ್ತಾರೆ, ಅವು ಎರಡು. ನೀರು ಒಡೆಯುವ ಎರಡನೇ ಫೋಟೋಸಿಸ್ಟಮ್ಮಿನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಒಂದನೇ ಫೋಟೋಸಿಸ್ಟಮ್ಮನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅದು ಬೆಳಕು ಹಿಡಿದು ಎಟಿಪಿ ಮಾಡುತ್ತದೆ, ಆಮ್ಲಜನಕ ಬಿಡುವುದಿಲ್ಲ. ಎಲೆಕ್ಟ್ರಾನ್ ಬೇಕಲ್ಲ, ಅದಕ್ಕೆ ಪಕ್ಕದ ಹಸಿರು ಕೋಶಗಳಿಂದ ಸಕ್ಕರೆ ಪಡೆಯುತ್ತದೆ, ಬದಲಿಗೆ ಸಾರಜನಕ ಕೊಡುತ್ತದೆ. ಹೊರಗಿನ ಆಮ್ಲಜನಕ ನುಗ್ಗದಂತೆ ತಡೆಯುವುದು ಆ ದಪ್ಪ ಗೋಡೆ. ಹೆಟೆರೋಸಿಸ್ಟೇ ಈ ಕೆಲಸದ ಜಾಗ ಇರಬೇಕು ಎಂದು ಫೇ, ಸ್ಟೂವರ್ಟ್, ವಾಲ್ಸ್‌ಬಿ, ಫಾಗ್ ಎಂಬ ವಿಜ್ಞಾನಿಗಳು 1968ರಲ್ಲಿ ವಾದ ಮುಂದಿಟ್ಟರು. ಅದಕ್ಕೂ ಸುಮಾರು 30 ವರ್ಷ ಮೊದಲು, 1939ರಲ್ಲಿ, ಭತ್ತದ ಗದ್ದೆಯ ನೀರಿನಲ್ಲಿ ಸಾರಜನಕ ಸೇರಿಸುವುದರಲ್ಲಿ ಈ ನೀಲಿ ಹಸಿರು ಜೀವಿಗಳ ಪಾಲು ದೊಡ್ಡದು ಎಂದು ತೋರಿಸಿದವರು ನಮ್ಮವರೇ ಆದ ಪಿ.ಕೆ. ಡೇ.

ಅಮೋನಿಯಾ ಆದ ಮೇಲೂ ಬೆಳಕಿನ ಕೆಲಸ ಮುಗಿಯುವುದಿಲ್ಲ. ಸಾಮಾನ್ಯವಾಗಿ ಸಯನೋಬ್ಯಾಕ್ಟೀರಿಯಾದಲ್ಲಿ ಅಮೋನಿಯಾವನ್ನು ಗ್ಲುಟಮೇಟ್‌ಗೆ ಸೇರಿಸಿ ಗ್ಲುಟಮೈನ್ ಮಾಡಲು ಎಟಿಪಿ ಬೇಕು (ಎರಡೂ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು). ಗ್ಲುಟಮೈನಿನಿಂದ ಮತ್ತೆ ಗ್ಲುಟಮೇಟ್ ಮಾಡುವ ಕಿಣ್ವಕ್ಕೆ ಫೆರೆಡಾಕ್ಸಿನ್ ಎಂಬ ಪ್ರೋಟೀನ್ ತಂದುಕೊಡುವ ಎಲೆಕ್ಟ್ರಾನ್ ಬೇಕು. ಹಗಲಿನಲ್ಲಿ ಆ ಫೆರೆಡಾಕ್ಸಿನ್‌ಗೆ ಎಲೆಕ್ಟ್ರಾನ್ ತುಂಬುವುದು ಫೋಟೋಸಿಸ್ಟಮ್ಮೇ. ಜೊತೆಗೆ ಆಕ್ಸೋಗ್ಲುಟರೇಟ್ ಎಂಬ ಇಂಗಾಲದ ತುಂಡು ಬೇಕು, ಅದೂ ಬೆಳಕಿನಲ್ಲಿ ಮಾಡಿದ ಸಕ್ಕರೆಯಿಂದಲೇ ಬರಬೇಕು. ಇಂಗಾಲವಿಲ್ಲದೆ ಬರೀ ಅಮೋನಿಯಾ ಇದ್ದರೆ, ಸೈಟಿಗೆ ಇಟ್ಟಿಗೆ ಬಂದು ಬಿದ್ದು ಸಿಮೆಂಟ್ ಬಾರದ ಹಾಗೆ. ಕೋಶ ಈ ಲೆಕ್ಕವನ್ನು ಸದಾ ನೋಡುತ್ತಿರುತ್ತದೆ. ಪಿ-ಟು ಎಂಬ ಪ್ರೋಟೀನ್ ಆಕ್ಸೋಗ್ಲುಟರೇಟ್ ಎಷ್ಟಿದೆ, ಎಟಿಪಿ ಎಷ್ಟಿದೆ ಎಂದು ಅಳೆಯುತ್ತದೆ. ಎನ್‌ಟಿಸಿಎ ಎಂಬ ಇನ್ನೊಂದು ಪ್ರೋಟೀನ್ ಅದೇ ಆಕ್ಸೋಗ್ಲುಟರೇಟ್ ನೋಡಿ ಸಾರಜನಕಕ್ಕೆ ಸಂಬಂಧಪಟ್ಟ ಜೀನುಗಳನ್ನು ಎಬ್ಬಿಸುತ್ತದೆ. ಕತ್ತಲಾದರೆ ಎಲೆಕ್ಟ್ರಾನ್ ಕಡಿಮೆ, ಎಟಿಪಿ ಕಡಿಮೆ. ಸಾರಜನಕದ ಕೆಲಸವೂ ತಗ್ಗುತ್ತದೆ.

ಅಜೋಲ್ಲಾದಲ್ಲಿ ಇನ್ನೂ ಒಂದು ವಿಶೇಷ. ಗೂಡಿನೊಳಗಿನ ಬ್ಯಾಕ್ಟೀರಿಯಾ ತಾನು ಮಾಡಿದ ಅಮೋನಿಯಾದಲ್ಲಿ ದೊಡ್ಡ ಪಾಲನ್ನು ತಾನಿಟ್ಟುಕೊಳ್ಳದೆ ಗಿಡಕ್ಕೆ ಬಿಟ್ಟುಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಹಾಗಾಗಿ ಹಗಲು ಕೂಡಿಟ್ಟ ಸಕ್ಕರೆಯ ಮೇಲೆ ರಾತ್ರಿ ಸ್ವಲ್ಪ ಹೊತ್ತು ಕೆಲಸ ನಡೆದೀತು, ಆದರೆ ಇಳಿಯುತ್ತಾ ಹೋಗುತ್ತದೆ. ಮೆಟ್ಟಿಲ ಕೆಳಗಿನ ಮಂಕು ಬೆಳಕಿನಲ್ಲಿ ಕೂಡಿಡಲು ಸಕ್ಕರೆಯೇ ಇರುವುದಿಲ್ಲ.

ಚೀಟಿಯ ಮಾತನ್ನು ಪರೀಕ್ಷಿಸಲೆಂದೇ ತೊಟ್ಟಿಯಿಂದ ಒಂದೊಂದು ಹಿಡಿ ತೆಗೆದು, ಅದೇ ನೀರು, ಅದೇ ಮಣ್ಣು ಹಾಕಿ ಬೇರೆ ಬೇರೆ ಟಬ್ಬಿನಲ್ಲಿಟ್ಟೆ. ಒಂದು ಮೆಟ್ಟಿಲ ಕೆಳಗೆ, ಪಕ್ಕದ ಮನೆಯವರು ಕೊಂಡಿದ್ದ ಎಲ್‌ಇಡಿ ದೀಪದ ಅಡಿಯಲ್ಲಿ. ಇನ್ನೊಂದು ಟೆರೇಸಿನಲ್ಲಿ ನೆಟ್ ಇಲ್ಲದ ಜಾಗದಲ್ಲಿ. ನೆಟ್ ಕೆಳಗಿನ ತೊಟ್ಟಿ ಎರಡು ವಾರದಲ್ಲಿ ನೀರು ಕಾಣದಂತೆ ಮುಚ್ಚಿತು. ದೀಪದ ಕೆಳಗಿನದು ಹರಡಲೇ ಇಲ್ಲ. ಎಲೆ ತೆಳ್ಳಗಾಗಿ, ಮುಟ್ಟಿದರೆ ಮುರಿಯುವಂತಾಯಿತು. ಆಮೇಲೆ ಅಂಚಿನಿಂದ ಕೊಳೆಯಲು ಶುರುವಾಯಿತು. ನೆಟ್ ಇಲ್ಲದ್ದು ಏಪ್ರಿಲ್ ಬಿಸಿಲಿಗೆ ಇಟ್ಟಿಗೆ ಕೆಂಪಿಗೆ ತಿರುಗಿತು.

ದೀಪದ ಲೆಕ್ಕ ಹಾಕಿ ನೋಡೋಣ. ಅಜೋಲ್ಲಾಗೆ ಪೂರ್ತಿ ಬಿಸಿಲಿನ ಕಾಲು ಭಾಗದಿಂದ ಅರ್ಧ ಭಾಗ ಸಾಕು ಎನ್ನುತ್ತಾರೆ. ಮೋಡವಿಲ್ಲದ ಮಧ್ಯಾಹ್ನದ ಬಿಸಿಲು, ಗಿಡ ಬಳಸುವ ಬೆಳಕಿನ ಅಳತೆಯಲ್ಲಿ, ಚದರ ಮೀಟರಿಗೆ ಸೆಕೆಂಡಿಗೆ 2,000 ಮೈಕ್ರೋಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಅಳತೆ) ಆಸುಪಾಸು. ಅದರ ಕಾಲು ಭಾಗ 500. ಇವರು ಕೊಡುವ ದೀಪ 20 ವಾಟ್. ಒಳ್ಳೆಯ ದೀಪವೇ ಎಂದುಕೊಂಡು ವಾಟಿಗೆ 2 ಮೈಕ್ರೋಮೋಲ್ ಹಿಡಿದರೂ ಒಟ್ಟು 40. ಅದನ್ನು ಈ ತೊಟ್ಟಿಯ ವಿಸ್ತೀರ್ಣಕ್ಕೆ ಹಂಚಿದರೆ ಚದರ ಮೀಟರಿಗೆ 24 ಸಿಗುತ್ತದೆ. ಬೇಕಾದದ್ದು 500, ಸಿಗುವುದು 24.

ಬಣ್ಣದ ಸಮಸ್ಯೆ ಇನ್ನೊಂದು. ನೇರಳೆಯಾಗಿ ಕಾಣುವ ದೀಪದಲ್ಲಿ ನೀಲಿ ಮತ್ತು ಕೆಂಪು ಮಾತ್ರ ಇರುತ್ತವೆ. ಗಿಡದ ಪತ್ರಹರಿತ್ತಿಗೆ ಅದು ಸರಿ. ಆದರೆ ಗೂಡಿನೊಳಗಿನ ಬ್ಯಾಕ್ಟೀರಿಯಾಕ್ಕೆ ನೀಲಿ ಬಣ್ಣ ಕೊಡುವ ಫೈಕೋಸಯನಿನ್ ಹೆಚ್ಚು ಹಿಡಿಯುವುದು ಕಿತ್ತಳೆ ಕಡೆಯ ಬೆಳಕನ್ನು, 620 ನ್ಯಾನೋಮೀಟರ್ ಹತ್ತಿರದ್ದು. ಗಿಡ ಬಿಟ್ಟ ಬೆಳಕನ್ನು ಬ್ಯಾಕ್ಟೀರಿಯಾ ಹಿಡಿಯುವ ಅಂದದ ಏರ್ಪಾಡು ಅದು. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ, ಬಿಟ್ಟಿಯಾಗಿದೆ. 900 ರೂಪಾಯಿ ಕೊಟ್ಟು ಅದನ್ನು ಕಳೆದುಕೊಳ್ಳುವುದು ಯಾಕೆ?

ಇಪ್ಪತ್ನಾಲ್ಕು ಗಂಟೆ ಬೆಳಕು ಎನ್ನುವ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ಈ ಬ್ಯಾಕ್ಟೀರಿಯಾ ಕುಲಕ್ಕೆ ಹಗಲು ರಾತ್ರಿಯ ಪರಿವೆ ಇದೆ. ತೈವಾನಿನ ಭತ್ತದ ಗದ್ದೆಯಿಂದ ತೆಗೆದ ಸಿನೆಕೋಕಾಕಸ್ ಆರ್‌ಎಫ್-1 ಎಂಬ ಇನ್ನೊಂದು ಸಯನೋಬ್ಯಾಕ್ಟೀರಿಯಾಕ್ಕೆ ಹೆಟೆರೋಸಿಸ್ಟ್ ಇಲ್ಲ. ಅದು ಬೇರೆ ಉಪಾಯ ಮಾಡುತ್ತದೆ: ಹಗಲು ಸಕ್ಕರೆ ಕೂಡಿಟ್ಟು, ಆಮ್ಲಜನಕ ಹುಟ್ಟದ ರಾತ್ರಿಯಲ್ಲಿ ಸಾರಜನಕ ಹಿಡಿಯುತ್ತದೆ. ಆಮೇಲೆ ಅದನ್ನು ಬಿಡದೆ ಬೆಳಕಿನಲ್ಲೇ ಇಟ್ಟರೂ ದಿನಕ್ಕೊಮ್ಮೆ ಏರಿಳಿಯುವ ಆ ತಾಳ ಮುಂದುವರಿಯಿತು ಎಂದು 1986ರಲ್ಲಿ ಅಲ್ಲಿಯವರು ಪ್ರಕಟಿಸಿದರು. ಬ್ಯಾಕ್ಟೀರಿಯಾಕ್ಕೂ ಒಳಗಡಿಯಾರ ಇದೆ ಎಂದು ಜಗತ್ತು ನಂಬಲು ಶುರು ಮಾಡಿದ್ದು ಅಲ್ಲಿಂದ. ಅಜೋಲ್ಲಾದೊಳಗಿನದು ಹಗಲಿನ ಕೆಲಸಗಾರ, ಅದರ ರೀತಿ ಬೇರೆ. ಆದರೂ ರಾತ್ರಿಯಿಡೀ ದೀಪ ಹಾಕಿದರೆ ಹಗಲಿನ ಕೊರತೆ ತುಂಬುತ್ತದೆ ಎಂದುಕೊಳ್ಳುವುದು ತಪ್ಪು. ಕರೆಂಟ್ ಬಿಲ್ ಅಂತೂ ತುಂಬುತ್ತದೆ.

ಈಗ ಬೆಂಗಳೂರಿನ ಬಿಸಿಲು. ನಮ್ಮ ಊರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳೇ ಬೀಳುವುದಿಲ್ಲ. ಅವೆರಡರ ನಡುವೆ ಸ್ವಲ್ಪ ಉತ್ತರಕ್ಕೆ ಸರಿಯುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಉತ್ತರದ ಬಾಲ್ಕನಿಗೆ ನೇರ ಬಿಸಿಲು ಸಿಗುವ ತಿಂಗಳುಗಳಲ್ಲಿ ಹೆಚ್ಚಿನವು ಮಳೆ ಮೋಡದವು. ಅದಕ್ಕೇ ಬೇಡ ಅಂದದ್ದು. ಟೆರೇಸಿದ್ದರೂ ದಕ್ಷಿಣದ ಪಕ್ಕದ ಕಟ್ಟಡ ಎಷ್ಟು ಎತ್ತರ ಎಂದು ನೋಡಿ. ಡಿಸೆಂಬರಿನಲ್ಲಿ ಮಧ್ಯಾಹ್ನವೂ ಸೂರ್ಯ 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಪಕ್ಕದ ಮನೆ ನಿಮ್ಮ ಟೆರೇಸಿಗಿಂತ ಒಂದು ಮಹಡಿ, ಅಂದರೆ 10 ಅಡಿ ಎತ್ತರ ಇದ್ದರೆ ಮಧ್ಯಾಹ್ನದ ನೆರಳೇ 7 ಅಡಿ ದಾಟುತ್ತದೆ. ನಮ್ಮ ಬೀದಿಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲೂ ನಾಲ್ಕು ಮಹಡಿ ಎಬ್ಬಿಸುತ್ತಿದ್ದಾರೆ. ಹಾಗಾಗಿ ಮೇಲೆದ್ದ ಒಂದೊಂದು ಮಹಡಿಗೂ ಆ ಗೋಡೆಯಿಂದ 8 ಅಡಿಯಾದರೂ ಈಚೆ ಇಡಿ.

ಶೇಡ್ ನೆಟ್ ಬಗ್ಗೆ ಒಳ್ಳೆಯ ಮಾತೇ. ಐವತ್ತು ಪರ್ಸೆಂಟ್ ಎನ್ನುವುದು ಸರಿಯಾದ ಆಯ್ಕೆ. ಮಾರ್ಚ್‌ನಿಂದ ಮೇ ತನಕ ಬೇಕೇ ಬೇಕು. ಬೆಳಕು ಜಾಸ್ತಿಯಾಗುವುದರ ಜೊತೆಗೆ ಕಾಂಕ್ರೀಟಿನ ಕಾವಿಗೆ ನೀರೂ ಬಿಸಿಯಾಗುತ್ತದೆ, ಅಜೋಲ್ಲಾಗೆ ಇಪ್ಪತ್ತರಿಂದ ಮೂವತ್ತು ಡಿಗ್ರಿ ಹಿತ. ಆದರೆ ಜೂನ್‌ನಿಂದ ಮೋಡ ಮುಸುಕಿದ ದಿನಗಳಲ್ಲಿ ನೆಟ್ ತೆಗೆದುಬಿಡಿ. ಮೊದಲೇ ಕಡಿಮೆ ಇರುವ ಬೆಳಕನ್ನು ಮತ್ತೆ ಅರ್ಧ ಮಾಡಿದರೆ ಗಿಡ ಸೊರಗುತ್ತದೆ. ಚೀಟಿಯಲ್ಲಿ ನೆಟ್ ಯಾವಾಗಲೂ ಇರಲಿ ಎಂದಿದೆ. ನೆಟ್ಟಿಗೆ ಕೊಕ್ಕೆ ಕೊಟ್ಟಿದ್ದರೆ ಹಾಕಿ ತೆಗೆಯಲು ಅನುಕೂಲ ಆಗುತ್ತಿತ್ತು. ಈಗ ಕಟ್ಟು ಹಾಕಿ ಬಿಚ್ಚಬೇಕು.

ಕೆಂಪಾದದ್ದೆಲ್ಲ ಬಿಸಿಲಿನಿಂದ ಅಲ್ಲ. ರಂಜಕ ಕಡಿಮೆಯಾದರೂ ಅಜೋಲ್ಲಾ ಕೆಂಪಾಗುತ್ತದೆ. ಆಗ ಗಿಡ ಚಿಕ್ಕದಾಗಿ, ಬೇರು ಉದ್ದವಾಗಿರುತ್ತದೆ. ಅದಕ್ಕೇ ಸೂಪರ್ ಫಾಸ್ಫೇಟ್ ಕೊಟ್ಟಿರುವುದು. ಸಾರಜನಕ ತಾನೇ ಮಾಡಿಕೊಳ್ಳುವ ಗಿಡಕ್ಕೆ ರಂಜಕ ನಾವೇ ಕೊಡಬೇಕು. ಬೇಗ ಬೆಳೆಯಲಿ ಎಂದು ಯೂರಿಯಾ ಮಾತ್ರ ಹಾಕಬೇಡಿ. ತಯಾರಾದ ಸಾರಜನಕ ಧಾರಾಳವಾಗಿ ಸಿಕ್ಕರೆ ಗಾಳಿಯಿಂದ ಹಿಡಿಯುವ ಕೆಲಸ ತಗ್ಗುತ್ತದೆ.

ಇದೇ ಅಂಗಡಿ ಸ್ಪಿರುಲಿನಾ ಬಾಟಲಿಯನ್ನೂ ಮಾರುತ್ತದೆ, ಅದೇ ಚೀಟಿಯ ಜೊತೆಗೆ. ಇದು ನನಗೆ ಸರಿ ಕಾಣಲಿಲ್ಲ. ಸ್ಪಿರುಲಿನಾವೂ ಸಯನೋಬ್ಯಾಕ್ಟೀರಿಯಾನೇ, ಆದರೆ ಅದಕ್ಕೆ ಗಾಳಿಯ ಸಾರಜನಕ ಹಿಡಿಯಲು ಬರುವುದಿಲ್ಲ. ಅದನ್ನು ಬೆಳೆಸುವ ಪ್ರಸಿದ್ಧ ಜಾರೂಕ್ ದ್ರಾವಣದಲ್ಲಿ ಲೀಟರಿಗೆ ಎರಡೂವರೆ ಗ್ರಾಂ ಸೋಡಿಯಂ ನೈಟ್ರೇಟ್ ಹಾಕುತ್ತಾರೆ. ನೈಟ್ರೇಟನ್ನು ಅಮೋನಿಯಾ ಮಾಡಲು ಮೊದಲು 2, ಆಮೇಲೆ 6, ಒಟ್ಟು 8 ಎಲೆಕ್ಟ್ರಾನ್ ಬೇಕು. ಅದನ್ನು ತರುವುದೂ ಫೆರೆಡಾಕ್ಸಿನ್ನೇ. ಇಲ್ಲೂ ಬೆಳಕಿಗೇ ಬಂದು ನಿಲ್ಲುತ್ತದೆ. ಚೀಟಿ ನಂಬಿ ನೈಟ್ರೇಟ್ ಹಾಕದೆ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಟ್ಟರೆ ಸ್ವಲ್ಪ ದಿನಕ್ಕೆ ನೀಲಿ ಹಸಿರು ಹೋಗಿ ಹಳದಿಯಾಗುತ್ತದೆ. ಪಕ್ಕದ ಮನೆಯಲ್ಲಿ ಹಾಗೇ ಆಯಿತು. "ಸತ್ತು ಹೋಯ್ತೇನ್ರೀ ಇದು?" ಎಂದು ಅವರು ಬಾಟಲಿ ಹಿಡಿದು ಬಂದರು. ಪೂರ್ತಿ ಸತ್ತಿರಲಿಲ್ಲ. ಸಾರಜನಕ ಸಿಗದಾಗ ಇದು ತನ್ನ ಫೈಕೋಸಯನಿನನ್ನೇ ಒಡೆದು ಅದರಲ್ಲಿನ ಸಾರಜನಕವನ್ನು ಬಳಸಿಕೊಳ್ಳುತ್ತದೆ. ಅದು ಬೆಳಕು ಹಿಡಿಯುವ ಪ್ರೋಟೀನ್ ತಾನೇ, ಅದನ್ನು ಕಳಚಿದರೆ ಬಳಸಲಾಗದ ಬೆಳಕು ಒಳಗೆ ನುಗ್ಗುವುದೂ ಕಡಿಮೆಯಾಗುತ್ತದೆ. ಒಂದೇ ಕೆಲಸದಲ್ಲಿ ಎರಡು ರಕ್ಷಣೆ. ನೈಟ್ರೇಟ್ ಹಾಕಿದ ಮೇಲೆ ಬಾಟಲಿ ಮತ್ತೆ ಹಸಿರಾಗುತ್ತಾ ಬಂತು. ಆದರೆ ಆ ನೀರನ್ನು ಕುಡಿಯುವ ಯೋಚನೆ ಬಿಡಿ ಎಂದು ಅವರಿಗೆ ಖಡಾಖಂಡಿತ ಹೇಳಿದೆ. ತಿನ್ನುವ ಸ್ಪಿರುಲಿನಾವನ್ನು ಶುಚಿತ್ವ ನೋಡಿಕೊಂಡು, ಪರೀಕ್ಷೆ ಮಾಡಿಸಿ ಬೆಳೆಯಬೇಕು.

ಅಜೋಲ್ಲಾ ಇದ್ದರೆ ಗಿಡಗಳಿಗೆ ಯೂರಿಯಾ ಬೇಕೇ ಬೇಡ ಎಂದೂ ಚೀಟಿಯಲ್ಲಿದೆ, ಆ ಮಾತಿಗೆ ಬರೋಣ. ಹಸಿ ಅಜೋಲ್ಲಾದಲ್ಲಿ ಹೆಚ್ಚು ಪಾಲು ನೀರು. ಒಂದು ಕೆಜಿ ಒಣಗಿಸಿದರೆ ಉಳಿಯುವುದು 60 ಗ್ರಾಂ ಸುಮಾರು. ಅದರಲ್ಲಿ ಸಾರಜನಕ ನೂರಕ್ಕೆ ನಾಲ್ಕು ಎಂದಿಟ್ಟರೆ 2.4 ಗ್ರಾಂ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಅಂದರೆ ಒಂದು ಕೆಜಿ ಹಸಿ ಅಜೋಲ್ಲಾ 5 ಗ್ರಾಂ ಯೂರಿಯಾಕ್ಕೆ ಸಮ. ಈ ಅಳತೆಯ ತೊಟ್ಟಿ ಚೆನ್ನಾಗಿ ನಡೆದಾಗ ದಿನಕ್ಕೆ ಕಾಲು ಕೆಜಿ ಕೊಡುತ್ತದೆ. ತಿಂಗಳಿಗೆ 40 ಗ್ರಾಂ ಯೂರಿಯಾದಷ್ಟು, ಅದರಲ್ಲೂ ಒಂದು ಪಾಲು ನಾವು ಹಾಕಿದ ಸಗಣಿಯದು. ಗದ್ದೆಗೆ ಇದು ಏನೂ ಅಲ್ಲ. ಕುಂಡಗಳಿಗೆ ಒಳ್ಳೆಯದೇ, ಯಾಕೆಂದರೆ ಕೊಳೆಯುತ್ತಾ ನಿಧಾನವಾಗಿ ಸಿಗುತ್ತದೆ, ಮಣ್ಣೂ ಮೆತ್ತಗಾಗುತ್ತದೆ. ಬದನೆ ಬುಡಕ್ಕೆ ಒಂದು ಹಿಡಿ ಹಾಕಿ ಮೇಲೆ ಮಣ್ಣು ಎಳೆದರೆ ವಾಸನೆ ಬರುವುದಿಲ್ಲ. ನೀರಿನ ಮೇಲೆ ಜೀವಂತ ಇರುವ ತನಕ ಸಾರಜನಕ ಹೆಚ್ಚಾಗಿ ಗಿಡದೊಳಗೇ ಇರುತ್ತದೆ, ಎತ್ತಿ ಮಣ್ಣಿಗೆ ಹಾಕಿದರೇ ಪ್ರಯೋಜನ.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾವೇರಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಹಾಕಿ, ಕ್ಲೋರಿನ್ ಹೋಗಲಿ. ಬೋರ್‌ವೆಲ್ ನೀರು ಉಪ್ಪುಪ್ಪಾಗಿದ್ದರೆ ಮಳೆನೀರು ಬೆರೆಸಿ. ಸೊಳ್ಳೆಗೆ ಹೆದರುವವರು ಕೇಳುತ್ತಾರೆ. ಅಜೋಲ್ಲಾ ಒತ್ತಾಗಿ ಮುಚ್ಚಿದಾಗ ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಸಿಗುವುದು ಕಷ್ಟ. ಆದರೆ ಮೊದಲ ಎರಡು ವಾರ ನೀರು ತೆರೆದೇ ಇರುತ್ತದೆ. ಆಗ ಸೊಳ್ಳೆಪರದೆಯ ಬಟ್ಟೆ ಹೊದಿಸಿ. ಡೆಂಗೀ ಕಾಲದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಸಲ ತುಂಬಾ ಎತ್ತಿ ನೀರು ಬಯಲು ಮಾಡುವುದೂ ಬೇಡ, ದಿನಾ ಸ್ವಲ್ಪ ಸ್ವಲ್ಪ ಎತ್ತಿ. ಮಳೆಗಾಲದಲ್ಲಿ ತುಂಬಿ ಚೆಲ್ಲದಂತೆ ತೊಟ್ಟಿಯ ಅಂಚಿನಲ್ಲಿ ಒಂದು ಪೈಪಿನ ತೂತು ಕೊಟ್ಟಿದ್ದಾರೆ, ಅದು ನಿಜಕ್ಕೂ ಯೋಚನೆ ಮಾಡಿ ಕೊಟ್ಟದ್ದು.

ಅಂಗಡಿಯವರ ನಡವಳಿಕೆ ನನಗೆ ಇಷ್ಟವಾಯಿತು. ಬಂದ ನೆಟ್ಟಿನ ಒಂದು ಮೂಲೆ ಹರಿದಿತ್ತು. ಫೋಟೋ ಕಳಿಸಿದ್ದಕ್ಕೆ ಮರುಮಾತಿಲ್ಲದೆ ಬೇರೆ ಕಳಿಸಿದರು. ತಂದುಕೊಟ್ಟ ಹುಡುಗ "ಅಕ್ಕಾ, ಹಳೇದೂ ಇಟ್ಕೊಳ್ಳಿ, ಸೊಪ್ಪಿಗೆ ಆಗುತ್ತೆ" ಅಂದ. ಚೀಟಿಯಲ್ಲಿ ಏನು ಬದಲಿಸಬೇಕು ಎಂದು ಮಾಲೀಕರಿಗೆ ವಿವರವಾಗಿ ಬರೆದು ಕಳಿಸಿದ್ದೇನೆ. "ಮುಂದಿನ ಅಚ್ಚಿನಲ್ಲಿ ಹಾಕ್ತೀವಿ ಮೇಡಂ" ಎಂದಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಹಳೆಯ ಚೀಟಿಯೇ ಬರುತ್ತಿದೆ, ದೀಪವನ್ನೂ ಮಾರುತ್ತಿದ್ದಾರೆ.

ಬರೀ ಬಿತ್ತನೆಗೆ ಅಜೋಲ್ಲಾ ಸಾಕು ಎನ್ನುವವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋದರೆ ಅಜೋಲ್ಲಾ ಬೆಳೆಯುವವರನ್ನೇ ಕೇಳಿ ತಿಳಿಯಬಹುದು. ಸಿಲ್ಪಾಲಿನ್ ಶೀಟನ್ನು ಎಸ್‌ಪಿ ರೋಡ್ ಕಡೆ ಬಿಡಿಯಾಗಿ ಕೊಂಡು ಇಟ್ಟಿಗೆ ಜೋಡಿಸಿ ತೊಟ್ಟಿ ಮಾಡಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ. ನರ್ಸರಿಯಲ್ಲೇ ಕೊಳ್ಳುವುದಾದರೆ ಒಳಗಿನ ನೆರಳಿನ ಟಬ್ಬಿನದು ಬೇಡ, ಹೊರಗೆ ನೆಟ್ ಕೆಳಗೆ ಬೆಳೆದದ್ದನ್ನು ಕೊಡಿ ಎಂದು ಕೇಳಿ. ಕೈಯಲ್ಲಿ ಒಂದು ಹಿಡಿ ತೆಗೆದು ನೋಡಿ. ಎಲೆ ದಪ್ಪಗೆ, ಒತ್ತೊತ್ತಾಗಿ ಇರಬೇಕು, ಅಲ್ಲಾಡಿಸಿದರೆ ಪುಡಿಯಾಗಿ ಉದುರಬಾರದು.